ಬುಖಾರಾದ ಕಠಾರಿ, ಐನೂರು ನಿಂಬೆಹಣ್ಣು

ಧರೆಪ್ಪನ ಸುಳ್ಳಿಗೆ ಆ ವರ್ಷ ಐವತ್ತು ತುಂಬಿತ್ತು. ಅಷ್ಟು ವಯಸ್ಸಾದ ಸುಳ್ಳು ಮನೆಯ ಹಿರಿಯನಂತೆ ಆಗಿಬಿಡುತ್ತದೆ. ಯಾರೂ ಅದಕ್ಕೆ ಎದುರಾಡುವುದಿಲ್ಲ. ಹುಟ್ಟಿಸಿದವನು ಅವನ ಅಪ್ಪ, ಸಾಕಿದವನು ಧರೆಪ್ಪ. ಎಲ್ಲ ತಪ್ಪನ್ನೂ ಇವನ ತಲೆಗೇ ಕಟ್ಟುವುದು ನ್ಯಾಯವಲ್ಲ, ನಿಜ. ಆದರೆ ಸಾಕಿದ್ದು ಮಾತ್ರ ತುಪ್ಪ ಅನ್ನ ಹಾಕಿ ಸಾಕಿದ್ದ.

ಸಂಗತಿ ಇಷ್ಟೇ. ಕೃಷ್ಣಾ ಹೊಳೆಯ ದಂಡೆಯ ಕಂಬಳಿಹಾಳದಲ್ಲಿ ಯಾವ ಜಾತಿಯವರ ಮದುವೆಯಾದರೂ ಮದುಮಗನ ಕೈಗೆ ಕಠಾರಿ ಕೊಡುವ ಹಕ್ಕು ಬೀರಪ್ಪ ದೇವರ ಪೂಜಾರಿಗಳಾದ ಧರೆಪ್ಪನ ಮನೆಯವರದು. ದೃಷ್ಟಿ ತಾಗಬಾರದೆಂದು ಕಠಾರಿಯ ತುದಿಗೆ ಒಂದು ನಿಂಬೆಹಣ್ಣು ಚುಚ್ಚಿ ಕೊಡಬೇಕು. ಅರಿಷಿಣ ಹಚ್ಚಿದ ದಿನದಿಂದ ಮದುವೆ ಮುಗಿಯುವ ತನಕ ಮದುಮಗ ಅದನ್ನು ಕೈಬಿಡುವಂತಿಲ್ಲ, ಮಲಗಿದರೂ ಮಗ್ಗುಲಲ್ಲೇ ಇಟ್ಟುಕೊಂಡು ಮಲಗಬೇಕು. ಕಠಾರಿ ಕೊಟ್ಟ ಮನೆಯವರಿಗೆ ಮೊದಲ ಎಲೆಅಡಿಕೆ, ಮೊದಲ ಪಂಕ್ತಿಯಲ್ಲಿ ಊಟ.

ಕಠಾರಿ ಬಂದ ಕಥೆಯನ್ನು ಧರೆಪ್ಪ ಪ್ರತಿ ಮದುವೆಯಲ್ಲೂ ಹೇಳುತ್ತಿದ್ದ. ಮುಧೋಳದ ಅರಸರಿಗೆ ಕುದುರೆ ಮಾರಲು ಬುಖಾರಾದಿಂದ ಒಬ್ಬ ಸಾವಕಾರ ಬಂದನಂತೆ. ಕಂಬಳಿಹಾಳದ ಹತ್ತಿರ ಅವನ ಕುದುರೆಗೆ ಹೊಟ್ಟೆಶೂಲೆ ಎದ್ದಿತಂತೆ. ಧರೆಪ್ಪನ ಮುತ್ತಜ್ಜ ಅದರ ಹಣೆಗೆ ಭಂಡಾರದ ಅರಿಷಿಣ ಹಚ್ಚಿ, ಸೊಪ್ಪಿನ ರಸ ಕುಡಿಸಿ, ಸಾಯುತ್ತಿದ್ದ ಕುದುರೆಯನ್ನು ಎಬ್ಬಿಸಿ ನಿಲ್ಲಿಸಿದನಂತೆ. ಸಾವಕಾರ ಸೊಂಟದ ಕಠಾರಿಯನ್ನೇ ಬಿಚ್ಚಿ ಕೊಟ್ಟನಂತೆ. ಮೊದಮೊದಲು ಒಂದಿದ್ದ ಕುದುರೆ ಧರೆಪ್ಪನ ಬಾಯಲ್ಲಿ ವರ್ಷ ಕಳೆದಂತೆ ಏಳಾಗಿ, ಏಳೂ ಬಿಳಿಯವಾಗಿದ್ದವು. ಇಷ್ಟಾದರೂ ಈ ಭಾಗ ಸುಳ್ಳಲ್ಲ. ಕಠಾರಿ ಖರೇನೇ ಬಂದಿತ್ತು.

ಸುಳ್ಳು ಇರುವುದು ಮುಂದಿನದರಲ್ಲಿ. ಐವತ್ತಾರನೇ ಇಸವಿಯಲ್ಲಿ ಧರೆಪ್ಪನ ಅಪ್ಪ ಲಗಮಪ್ಪ ಆಚೆ ದಂಡೆಯ ಮದುವೆಯೊಂದರಲ್ಲಿ ಹೋಳಿಗೆ ಹೆಚ್ಚಾಗಿ ತಿಂದು, ಹರಿಗೋಲಿನಲ್ಲಿ ಕೂತಲ್ಲೇ ತೂಕಡಿಸಿ, ಬುಖಾರಾದ ಕಠಾರಿಯನ್ನು ಕೃಷ್ಣೆಯ ಪಾಲು ಮಾಡಿದ. ಊರಿಗೆ ಹೇಳುವ ಧೈರ್ಯ ಬರಲಿಲ್ಲ. ರಬಕವಿಯ ಕಮ್ಮಾರ ಕಾಶಪ್ಪನಿಗೆ ಎಲೆಅಡಿಕೆ ಕೊಟ್ಟು, ಆಣೆ ಹಾಕಿಸಿ, ಬಸ್ಸಿನ ಮುರಿದ ಸ್ಪ್ರಿಂಗ್ ಪಟ್ಟಿಯಿಂದ ಇನ್ನೊಂದನ್ನು ಬಡಿಸಿದ. ಹಿಡಿಕೆಗೆ ಮಗ್ಗದ ಲಾಳಿಯ ಕಟ್ಟಿಗೆ ಹಾಕಿದ ಕಾಶಪ್ಪ, ಅದರ ಮೇಲೆ ಬನಹಟ್ಟಿಯ ಕೆಂಪು ನೂಲನ್ನು ಒತ್ತೊತ್ತಾಗಿ ಸುತ್ತಿಕೊಟ್ಟ. ಸಾಯುವಾಗ ಲಗಮಪ್ಪ ಇದನ್ನು ಮಗನ ಕಿವಿಯಲ್ಲಿ ಹೇಳಿದ. ಕಾಶಪ್ಪನೂ ತೀರಿಹೋದ ಮೇಲೆ ಗುಟ್ಟು ಧರೆಪ್ಪನ ಹೊಟ್ಟೆಯಲ್ಲಿ ಒಂಟಿಯಾಗಿ ಉಳಿಯಿತು. ಹಾಗಂತ ಅವನು ನಂಬಿದ್ದ.

ಆಮೇಲೆ ಆಲಮಟ್ಟಿಯ ಹಿನ್ನೀರು ಬಂತು. ಕಂಬಳಿಹಾಳವೂ ಪಕ್ಕದ ಬೆಲ್ಲದಕೊಪ್ಪವೂ ಮುಳುಗಿದವು. ಎರಡೂ ಊರುಗಳನ್ನು ಸೇರಿಸಿ ಬೀಳಗಿಯಿಂದ ಬಾಡಗಂಡಿಗೆ ಹೋಗುವ ದಾರಿಯ ಕಲ್ಲು ಮಡ್ಡಿಯ ಮೇಲೆ ಕೂರಿಸಿ, ಪುನರ್ವಸತಿ ಕೇಂದ್ರ ಎಂದು ಬೋರ್ಡು ಹಾಕಿದರು. ಹೊಲ ಹೋಯಿತು, ಗುಡಿ ಹೋಯಿತು. ಹಿಂದೆ ಅವನನ್ನು ಪೂಜಾರಿ ಧರೆಪ್ಪ ಅನ್ನುತ್ತಿದ್ದವರು ಈಗ ನೂರಾ ಹದಿನಾಲ್ಕನೇ ಪ್ಲಾಟಿನವ ಅನ್ನತೊಡಗಿದರು. ಅದು ಅವನಿಗೆ ಬಲು ನೋವು ಕೊಟ್ಟಿತ್ತು. ಮದುವೆಯಲ್ಲಿ ಕಠಾರಿ ಕೊಡುವ ಆ ಒಂದು ಗಳಿಗೆಯಲ್ಲಿ ಮಾತ್ರ ಅವನು ಮತ್ತೆ ಧರೆಪ್ಪನಾಗುತ್ತಿದ್ದ.

ಅದಕ್ಕೂ ಕಲ್ಲು ಹಾಕಲು ಬಂದವನು ಬೆಲ್ಲದಕೊಪ್ಪದ ಚನಮಲ್ಲಪ್ಪ. ದೊಡ್ಡ ಹಿಡುವಳಿದಾರ, ಬೆಲ್ಲದ ವ್ಯಾಪಾರಿ, ಮಾತಿಗೆ ಮುಂಚೆ ಮೀಸೆ ಮುಟ್ಟಿಕೊಳ್ಳುವ ಆಸಾಮಿ. ಅವನ ಮನೆಯ ಟ್ರಂಕಿನಲ್ಲೂ ಒಂದು ಕಠಾರಿ ಇತ್ತು. ಅವನ ಅಜ್ಜನಿಗೆ ಹಿಂಗು ಮಾರುವ ಕಾಬೂಲಿಯೊಬ್ಬ ಕೊಟ್ಟದ್ದಂತೆ. ಬೆಲ್ಲದಕೊಪ್ಪದ ಮದುವೆಗಳಲ್ಲಿ ಮದುಮಗನ ಕೈಗೆ ಕೊಡುತ್ತಿದ್ದದ್ದು ಅಡಕೊತ್ತು. ಆದರೆ ಹೊಸ ಊರಿನಲ್ಲಿ ಮೊದಲ ಎಲೆಅಡಿಕೆ ಧರೆಪ್ಪನಿಗೆ ಹೋಗುವುದನ್ನು ನೋಡಿ ಚನಮಲ್ಲಪ್ಪನಿಗೆ ತನ್ನ ಟ್ರಂಕಿನ ನೆನಪಾಯಿತು.

ಮುಂದಿನ ಮದುವೆಗೆ ಇಬ್ಬರೂ ತಮ್ಮ ತಮ್ಮ ಕಠಾರಿ ತಂದರು. ಯಾರನ್ನೂ ನೋಯಿಸಲಾರದ ಬಡಪಾಯಿ ಮದುಮಗ ಎರಡೂ ಕೈಯಲ್ಲಿ ಒಂದೊಂದು ಹಿಡಿದು, ಯುದ್ಧಕ್ಕೆ ಹೊರಟವನಂತೆ ಹಂದರದಲ್ಲಿ ನಿಂತ. ತಾಳಿ ಕಟ್ಟಲು ಕೈಯೇ ಉಳಿಯಲಿಲ್ಲ. ಅವನ ಸೋದರಮಾವ ಒಂದು ಕೈ ಸಾಲ ಕೊಟ್ಟು ಹೇಗೋ ಮೂರು ಗಂಟು ಬಿದ್ದವು. ಮದುವೆ ಯಾರದಾಯಿತು ಎಂದು ಹೆಂಗಸರು ಎಂಟು ದಿನ ನಕ್ಕರು.

ಪಂಚಾಯತಿ ಮೆಂಬರ್ ಮಹಾಲಿಂಗ ಹಿರಿಯರನ್ನು ಕೂಡಿಸಿದ. ಚನಮಲ್ಲಪ್ಪನ ಮಗಳು ವೈಶಾಲಿಯ ಮದುವೆ ಹತ್ತಿರ ಬಂದಿದೆ, ಅದರೊಳಗೆ ತೀರ್ಮಾನ ಆಗಲೇಬೇಕು ಎಂದ. ಆಗ ಧರೆಪ್ಪ ಎದ್ದು ನಿಂತ. ಇಷ್ಟು ವರ್ಷ ಏಳು ಬಿಳಿ ಕುದುರೆಗಳ ಕಥೆ ಹೇಳಿ ಹೇಳಿ ಅವನಿಗೇ ಸ್ಪ್ರಿಂಗ್ ಪಟ್ಟಿ ಮರೆತುಹೋಗಿತ್ತು.

"ಯಾರದು ಹಳೇದೈತಿ, ಅವರದ ಆಗ್ಲಿ," ಅಂದ ಎದೆ ಸೆಟೆಸಿ. "ತಿಳದವರನ್ನ ಕರಸ್ರಿ, ನೋಡ್ಲಿ."

ಚನಮಲ್ಲಪ್ಪ ಮೀಸೆ ಮುಟ್ಟಿಕೊಂಡು ಒಪ್ಪಿದ. ಧರೆಪ್ಪ ಗೆದ್ದವನ ಹಾಗೆ ಮನೆಯ ದಾರಿ ಹಿಡಿದ. ನೀರಿನ ಟಾಕಿಯ ಹತ್ತಿರ ಬರುವಷ್ಟರಲ್ಲಿ ಕಮ್ಮಾರ ಕಾಶಪ್ಪ ನೆನಪಾದ. ಧರೆಪ್ಪ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತ. ತನ್ನ ಬಾಯಿಗೆ ತಾನೇ ಬಡಿದುಕೊಳ್ಳಬೇಕು ಅನ್ನಿಸಿತು, ಹೋಗಿಬರುವ ಜನ ನೋಡುತ್ತಾರೆಂದು ಸುಮ್ಮನಾದ.

ಜಮಖಂಡಿಯಿಂದ ತಿಳಿದವರು ಬರಲು ಎಂಟು ದಿನವಿತ್ತು. ಅಷ್ಟರೊಳಗೆ ಕಠಾರಿಗೆ ನೂರೈವತ್ತು ವರ್ಷ ವಯಸ್ಸು ಹೆಚ್ಚಿಸುವ ಕೆಲಸಕ್ಕೆ ಧರೆಪ್ಪ ಕೈ ಹಾಕಿದ. ಮೂರು ದಿನ ತಿಪ್ಪೆಯಲ್ಲಿ ಹುಗಿದ. ಎರಡು ದಿನ ಒಲೆಯ ಮೇಲಿನ ಹೊಗೆಗೆ ಕಟ್ಟಿದ. ಆಮೇಲೆ ಹುಳಿ ಮಜ್ಜಿಗೆಯ ಗಡಿಗೆಯಲ್ಲಿ ಮುಳುಗಿಸಿಟ್ಟ. ಅವನ ಹೆಂಡತಿ ಸೋಮವ್ವ ಮಜ್ಜಿಗೆ ತೋಡಲು ಹೋದಾಗ ಸವಟಿಗೆ ಕಠಾರಿ ತಾಗಿತು. ದಿನದ ಕೆಲಸವೆಂಬಂತೆ ಅವಳು ಅದನ್ನು ಹೊರಗೆ ತೆಗೆದು, ಬೂದಿ ಹಚ್ಚಿ ತಿಕ್ಕಿ, ಬಿಸಿಲಿಗಿಟ್ಟಳು. ಕಠಾರಿ ನಿನ್ನೆ ಬಡಿದಂತೆ ಹೊಳೆಯಿತು. ಧರೆಪ್ಪನಿಗೆ ಅಳು ಬಂತು.

ಬಂದವರ ಹೆಸರು ಕಲ್ಮೇಶ. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಹಳೆಯ ಆಯುಧಗಳೆಂದರೆ ಪ್ರಾಣ. ಚೀಲದಿಂದ ಒಂದು ಭೂತಗನ್ನಡಿ, ಅಯಸ್ಕಾಂತ, ಅಳೆಯುವ ಇಕ್ಕಳ, ಹಲ್ಲುಜ್ಜುವ ಬ್ರಶ್ಶು ತೆಗೆದು ಬಿಳಿ ಬಟ್ಟೆಯ ಮೇಲೆ ಜೋಡಿಸಿದರು. ಅಷ್ಟು ಕಂಡದ್ದೇ ತಡ, ಇಡೀ ಊರಿಗೆ ತಮ್ಮ ಮನೆಯ ಸಾಮಾನುಗಳ ವಯಸ್ಸು ತಿಳಿಯುವ ಆಸೆ ಹುಟ್ಟಿತು. ಒಬ್ಬ ಕುಡಗೋಲು ತಂದ, ಒಬ್ಬ ತಾಮ್ರದ ಹಂಡೆ ಉರುಳಿಸಿಕೊಂಡು ಬಂದ. ಅಮಸಿದ್ದಪ್ಪ ಎಂಬವನು ತನ್ನ ಅಜ್ಜಿ ಮರೆವ್ವನನ್ನೇ ಕೈಹಿಡಿದು ಕರೆತಂದು ಕೂರಿಸಿದ. ವೃದ್ಧಾಪ್ಯ ವೇತನದ ಕಾಗದದಲ್ಲಿ ಅವಳ ವಯಸ್ಸು ನಲವತ್ತೊಂದು ಎಂದು ಬಿದ್ದಿತ್ತಂತೆ, ಸಾಹೇಬರು ಕನ್ನಡಿ ಹಿಡಿದು ನೋಡಿ ಒಂದು ಚೀಟಿ ಬರೆದುಕೊಡಬೇಕಂತೆ. ಮಹಾಲಿಂಗ ಎಲ್ಲರನ್ನೂ ಗದರಿಸಿ ಹಿಂದೆ ಸರಿಸಿದ.

ಮೊದಲು ಚನಮಲ್ಲಪ್ಪನ ಕಠಾರಿ. ಕಲ್ಮೇಶರು ಅದನ್ನು ಒರೆಯಿಂದ ಎಳೆದರು. ಬೆನ್ನು ದಪ್ಪ, ನೆಟ್ಟಗೆ. ಒಂದೇ ಕಡೆ ಹರಿತವಾದ ಬಾಯಿ. ಒರೆ ಹಿಡಿಕೆಯ ಅರ್ಧದವರೆಗೆ ನುಂಗಿಕೊಳ್ಳುತ್ತಿತ್ತು, ಕುದುರೆ ಓಡಿಸುವಾಗ ಜಾರಿ ಬೀಳದಿರಲೆಂದು ಆ ಕಡೆಯವರು ಹಾಗೆ ಮಾಡುತ್ತಾರಂತೆ. ಧರೆಪ್ಪನಿಗೆ ಹರಿಗೋಲಿನಲ್ಲಿ ತೂಕಡಿಸಿದ ಅಪ್ಪ ನೆನಪಾದ. ನಮ್ಮದಕ್ಕೂ ಅಂಥ ಒರೆ ಇದ್ದೀತಲ್ಲ, ಹಾಗಿದ್ದರೆ ಅಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ಕೂತಿರಬೇಕು ಎಂದು ಈಗ ಹೊಳೆಯಿತು.

ಕಲ್ಮೇಶರು ಹಿಡಿಕೆಯ ಬದಿಗೆ ಕನ್ನಡಿ ಹಿಡಿದರು. ಹಿಡಿಕೆಯೊಳಗೆ ಕೂರುವ ಅಲಗಿನ ಬಾಲ ಅದರಷ್ಟೇ ಅಗಲವಾಗಿ ಕೊನೆಯವರೆಗೂ ಹೋಗಿದೆ, ಎರಡೂ ಕಡೆ ದಂತದ ಹೋಳುಗಳನ್ನು ಇಟ್ಟು ಐದು ಮೊಳೆ ಬಡಿದಿದ್ದಾರೆ, ಇದು ಬುಖಾರಾದ ಕಡೆಯ ಕಟ್ಟುವಿಕೆ ಎಂದರು. ನಾಲ್ಕು ಮೊಳೆ ಹಿತ್ತಾಳೆಯವು, ಒಂದು ಮಾತ್ರ ಆಮೇಲೆ ಇಲ್ಲಿಯ ಯಾರೋ ಹಾಕಿದ ಕಬ್ಬಿಣದ್ದು. ಅಲಗನ್ನು ಬಿಸಿಲಿಗೆ ಓರೆ ಮಾಡಿದಾಗ ಉಕ್ಕಿನೊಳಗೆ ಸಣ್ಣ ಸಣ್ಣ ಅಲೆ ಕಂಡವು, ಹೊಳೆಯ ನೀರಿನ ಮೇಲೆ ಗಾಳಿ ಹೋದಂತೆ. ಇಂಥ ಉಕ್ಕಿನ ಗಟ್ಟಿಗಳು ಹಿಂದೆ ನಮ್ಮ ದಖ್ಖನಿನ ಕಡೆಯಿಂದಲೇ ದೂರದ ದೇಶಗಳಿಗೆ ಹೋಗುತ್ತಿದ್ದವು, ಇದೂ ಹಾಗೆ ಹೋಗಿ ಮೂರು ಮಕ್ಕಳ ತಾಯಿಯಾಗಿ ತವರಿಗೆ ಬಂದಿರಬೇಕು ಎಂದು ಅವರು ನಕ್ಕರು. ವಯಸ್ಸು ಸುಮಾರು ಇನ್ನೂರು ವರ್ಷ.

ಚನಮಲ್ಲಪ್ಪ ಮೀಸೆಯನ್ನು ಮುಟ್ಟಿಕೊಳ್ಳುವುದನ್ನು ಬಿಟ್ಟು ತಿರುವತೊಡಗಿದ.

ಧರೆಪ್ಪನ ಕಠಾರಿಯ ಸರದಿ ಬಂತು. ಕಲ್ಮೇಶರು ಅಲಗನ್ನು ಉಗುರಿನಿಂದ ತಟ್ಟಿ ಕಿವಿಗೆ ಹಿಡಿದರು, ಮೂಸಿ ನೋಡಿದರು, ಮಜ್ಜಿಗೆ ವಾಸನೆ ಯಾಕೆ ಎಂದು ಕೇಳಿದರು. ಧರೆಪ್ಪ ಆಕಾಶ ನೋಡಿದ. ಹಿಡಿಕೆಯ ಒಳಗೆ ಅಲಗು ಹೇಗೆ ಕೂತಿದೆ ಎನ್ನುವುದೇ ಕಠಾರಿಯ ಜಾತಕ, ಈ ನೂಲು ಬಿಚ್ಚಬೇಕು ಎಂದರು ಅವರು.

"ಅದು ದೇವರ ನೂಲೈತ್ರಿ," ಅಂದ ಧರೆಪ್ಪ ಗಡಬಡಿಸಿ. "ಬೀರಪ್ಪನ್ನ ಕೇಳದ ಬಿಚ್ಚಾಕ ಬರೂದಿಲ್ಲ."

ಆ ಕ್ಷಣಕ್ಕೆ ಹೊಳೆದ ಉಪಾಯ, ಆದರೆ ಉಪಾಯವೇನೋ ಭರ್ಜರಿಯಾಗಿತ್ತು. ಮುಳುಗಿದ ಊರಿನಿಂದ ಹೊತ್ತು ತಂದ ಬೀರಪ್ಪನ ಕಲ್ಲು ತಗಡಿನ ಚಪ್ಪರದ ಕೆಳಗಿತ್ತು. ದೇವರ ಎರಡೂ ಭುಜಕ್ಕೆ ನೀರು ಹಚ್ಚಿ ಹೂ ಅಂಟಿಸಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ ಎಂದರ್ಥ. ಮೂವತ್ತು ವರ್ಷ ಪೂಜೆ ಮಾಡಿದ ಧರೆಪ್ಪನಿಗೆ ಯಾವ ಭುಜಕ್ಕೆ ಎಷ್ಟು ನೀರು ಹಚ್ಚಿದರೆ ಯಾವ ಹೂ ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದು ಚೆನ್ನಾಗಿ ಗೊತ್ತಿತ್ತು. ದೇವರ ಮೇಲೆ ಭಕ್ತಿ ಇರಲಿಲ್ಲವೆಂದಲ್ಲ. ಭಕ್ತಿಯೂ ಇತ್ತು, ನೀರಿನ ಲೆಕ್ಕವೂ ಇತ್ತು.

ಆದರೆ ಚನಮಲ್ಲಪ್ಪ ತಕರಾರು ತೆಗೆದ. ಕಠಾರಿಯ ವಾರಸುದಾರನೇ ಹೂ ಏರಿಸುವುದು ಸರಿಯಲ್ಲ ಎಂದ. ಹಾಗಾದರೆ ಸೋಮವ್ವ ಏರಿಸಲಿ ಎಂದಿತು ಸಭೆ. ಧರೆಪ್ಪನಿಗೆ ಒಳಗೊಳಗೇ ಸಮಾಧಾನವಾಯಿತು. ಹೆಂಡತಿಗೆ ಕಣ್ಣಿನಿಂದಲೇ ಎಡಭುಜ ತೋರಿಸಿದ. ಸೋಮವ್ವ ತಲೆಯ ಮೇಲೆ ಸೆರಗು ಹೊದ್ದು ಹೂ ಅಂಟಿಸಿ ಹಿಂದೆ ಸರಿದಳು. ಅವಳು ಕೈಮುಗಿಯುವಷ್ಟು ಪುರಸೊತ್ತನ್ನೂ ಕೊಡದೆ ಬಲಗಡೆಯ ಹೂ ತಟ್ಟನೆ ಬಿತ್ತು. ಅಷ್ಟು ಬೇಗ ಆ ದೇವರು ಯಾರಿಗೂ ಅಪ್ಪಣೆ ಕೊಟ್ಟಿರಲಿಲ್ಲ.

ನೂಲು ಬಿಚ್ಚಿದರು. ಕೆಳಗೆ ಲಾಳಿಯ ಕಟ್ಟಿಗೆ ಕಂಡಿತು, ನೂಲೆಳೆ ಹಾಯುವ ತೂತಿನ ಸಮೇತ. ಗುಂಪಿನಲ್ಲಿದ್ದ ಬನಹಟ್ಟಿಯ ನೇಕಾರ ಬೀಗನೊಬ್ಬ ಅದನ್ನು ಗುರುತು ಹಿಡಿದು ಕಿಸಕ್ಕನೆ ನಕ್ಕ. ಕಲ್ಮೇಶರು ಎರಡು ಮೊಳೆ ಸಡಿಲಿಸಿ ಕಟ್ಟಿಗೆ ಸರಿಸಿದರು. ಅಲಗಿನ ಬಾಲದ ನಡುವೆ ಕಿರುಬೆರಳು ತೂರುವಷ್ಟು ದುಂಡಗಿನ ತೂತು, ಅದರ ಪಕ್ಕದಲ್ಲಿ ಒತ್ತಿದ ಎರಡು ಅಂಕಿ. ಅವರು ಬಹಳ ಹೊತ್ತು ನೋಡಿದರು. ಮನುಷ್ಯ ಒಳ್ಳೆಯವರು, ಹೇಗೆ ಹೇಳುವುದೆಂದು ಕನ್ನಡಿ ಒರೆಸುತ್ತ ಕೂತರು.

ಧರೆಪ್ಪನಿಗೆ ಸಾಕಾಯಿತು. ಇಷ್ಟು ವರ್ಷ ಹೊತ್ತದ್ದನ್ನು ಇನ್ನೊಬ್ಬರು ಇಳಿಸುವುದು ಬೇಡ ಅನ್ನಿಸಿತು.

"ಅದು ಮೋಟಾರ ಪಟ್ಟಿ ಐತ್ರಿ ಸಾಹೇಬ್ರ," ಅಂದ. "ಬಸ್ಸಿಂದು. ಬುಖಾರಾದ್ದು ನಮ್ಮಪ್ಪ ಹೊಳ್ಯಾಗ ಕಳದ. ಇದನ್ನ ರಬಕವಿ ಕಾಶಪ್ಪ ಮಾಡಿದ್ದು. ನನಗ ಗೊತ್ತಿತ್ತು."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಕಂಬಳಿಹಾಳದ ಮುದುಕರೆಲ್ಲ, ಆ ಪಟ್ಟಿ ಹಿಡಿದೇ ಮದುವೆಯಾದವರೆಲ್ಲ, ತಮ್ಮ ಮದುವೆಗೇ ಏನೋ ಕುಂದು ಬಂತೇನೋ ಎಂಬಂತೆ ಹೆಂಡಂದಿರ ಮುಖ ನೋಡಿಕೊಂಡರು. ಮಹಾಲಿಂಗ, ಮಾತು ಮಾತೇ, ಇನ್ನು ಮುಂದೆ ಹಕ್ಕು ಚನಮಲ್ಲಪ್ಪನವರದು ಎಂದು ತೀರ್ಪು ಹೇಳಿದ. ಧರೆಪ್ಪ ತನ್ನ ಕಠಾರಿಯನ್ನು ಹೆಗಲ ಕಂಬಳಿಯಲ್ಲಿ ಸುತ್ತತೊಡಗಿದ. ಪಕ್ಕಕ್ಕೆ ಬಂದ ಸೋಮವ್ವನಿಗೆ ಮೆಲ್ಲಗೆ, ಬೀರಪ್ಪನೂ ಕೈಬಿಟ್ಟನಲ್ಲೇ ಎಂದ.

"ಬೀರಪ್ಪ ಎಲ್ಲಿ ಬಿಟ್ಟಾನ? ನಾನ ಬಲಕ್ಕ ನೀರು ಹಚ್ಚಲಿಲ್ಲ," ಅಂದಳು ಸೋಮವ್ವ. "ನಲವತ್ತ ವರ್ಷ ಬೂದಿ ಹಚ್ಚಿ ತಿಕ್ಕಿದಾಕಿ ನಾ. ನೂಲು ಹರದಾಗೆಲ್ಲ ಹೊಸಾದು ಸುತ್ತಿದಾಕಿ ನಾ. ಮಜ್ಜಿಗ್ಯಾಗ ಅದನ್ನ ನೋಡಿ ನನಗ ನಿನ್ನ ಮ್ಯಾಲ ಕರುಣಿ ಬಂತು. ಸಾಕಿನ್ನ."

ಕಂಬಳಿ ಸುತ್ತುತ್ತಿದ್ದ ಧರೆಪ್ಪ ಹೆಂಡತಿಯ ಕಡೆ ತಿರುಗಿದ. ಗುಟ್ಟು ತನ್ನ ಹೊಟ್ಟೆಯಲ್ಲಿ ಒಂಟಿಯಾಗಿದೆ ಎಂದುಕೊಂಡಿದ್ದನಲ್ಲ, ಅದು ಇಷ್ಟು ವರ್ಷವೂ ಜೋಡಿಯಾಗಿ ಸಂಸಾರ ಮಾಡಿತ್ತು.

ಅಷ್ಟರಲ್ಲಿ ಚನಮಲ್ಲಪ್ಪನ ಹೆಂಡತಿ ಮಾದೇವಿ ತಟ್ಟೆಯಲ್ಲಿ ಕುಂಕುಮ, ಒಂದು ರಸಭರಿತ ನಿಂಬೆಹಣ್ಣು ಇಟ್ಟುಕೊಂಡು ಬಂದಳು. ಹಕ್ಕು ಸಿಕ್ಕಿದ ಮೇಲೆ ಶುಭಕ್ಕೆ ಒಂದು ಚುಚ್ಚಬೇಕಲ್ಲ. ಚನಮಲ್ಲಪ್ಪ ಬುಖಾರಾದ ಕಠಾರಿ ಎತ್ತಿ ಹಣ್ಣಿಗೆ ಗುರಿ ಹಿಡಿದ. ಕಲ್ಮೇಶರು ಕೂತಲ್ಲಿಂದ ಹಾರಿ ಅವನ ಮಣಿಕಟ್ಟು ಹಿಡಿದರು. ಬೆಳಗಿನಿಂದ ಅಷ್ಟು ಮೆಲ್ಲಗೆ ಮಾತಾಡಿದ ಮನುಷ್ಯ ಒಮ್ಮೆಲೇ ದನಿ ಏರಿಸಿದ್ದು ನೋಡಿ ಮರೆವ್ವಜ್ಜಿಯೂ ಎಚ್ಚರಾದಳು.

ನಿಂಬೆಯ ಹುಳಿ ಉಕ್ಕನ್ನು ತಿನ್ನುತ್ತದೆ, ಎಂದು ಅವರು ಉಸಿರು ಸರಿಮಾಡಿಕೊಂಡು ವಿವರಿಸಿದರು. ಒಂದು ಮದುವೆಗೆ ಮೂರು ದಿನ ಹಣ್ಣು ಚುಚ್ಚಿಟ್ಟರೆ ತುದಿ ಕಪ್ಪಾಗುತ್ತದೆ, ಹತ್ತು ಮದುವೆಗೆ ಕುಳಿ ಬೀಳುತ್ತದೆ, ಇನ್ನೂರು ವರ್ಷ ಉಳಿದ ಈ ಅಲೆಗಳು ಹತ್ತು ವರ್ಷದಲ್ಲಿ ಹಾಳಾಗುತ್ತವೆ. ಇದರ ತುದಿ ನೋಡಿ, ಕನ್ನಡಿಯ ಹಾಗಿದೆ, ಇದು ಒಂದು ಹಣ್ಣನ್ನೂ ಕಂಡಿಲ್ಲ ಎಂದರು. ಹೇಳುತ್ತ ಹೇಳುತ್ತ ಅವರಿಗೆ ಏನೋ ನೆನಪಾಗಿ ಧರೆಪ್ಪನ ಕಂಬಳಿಗೆ ಕೈ ಚಾಚಿದರು. ಪಟ್ಟಿಯ ಕಠಾರಿಯ ತುದಿಯನ್ನು ಈಗ ಮೊದಲ ಸಲ ಕನ್ನಡಿಯಲ್ಲಿ ನೋಡಿದರು. ನಾಲ್ಕು ಬೆರಳಿನಷ್ಟು ಉದ್ದ ಅಲಗು ಗೆದ್ದಲು ತಿಂದಂತೆ ಕುಳಿಬಿದ್ದು, ಮತ್ತೆ ಮತ್ತೆ ಮಸೆದು, ಉಳಿದ ಭಾಗದ ಅರ್ಧಕ್ಕೆ ತೆಳುವಾಗಿತ್ತು. ಎಷ್ಟು ಹಣ್ಣು ಎಂದು ಕೇಳಿದರು. ವರ್ಷಕ್ಕೆ ಹತ್ತರ ಮೇಲೇ ಇದ್ದೀತು, ಐನೂರಂತೂ ಆಗಿರಬೇಕು ಎಂದಳು ಸೋಮವ್ವ.

ಮಾದೇವಿ ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದು ಬಗ್ಗಿ ನೋಡಿದಳು. ಅವಳ ತವರು ಕಂಬಳಿಹಾಳ. ಅದನ್ನು ಎಲ್ಲರೂ ಮರೆತಿದ್ದರು, ಎಲ್ಲರಿಗಿಂತ ಹೆಚ್ಚಾಗಿ ಅವಳ ಗಂಡ ಮರೆತಿದ್ದ.

"ನಮ್ಮ ಮದವ್ಯಾಗ ಇವರ ಕೈಯಾಗ ಇದ್ದದ್ದು ಇದ ರೀ," ಅಂದಳು ಕಲ್ಮೇಶರಿಗೆ. "ಟ್ರಂಕಿಂದು ಹೊರಗ ತಗದ್ರ ಕೆಡತೈತಿ ಅಂತ ನಮ್ಮ ಮಾವಾರು ಕೊಡಲಿಲ್ಲ. ಅರಿಷಿಣದ ದಿನ ಮಗ್ಗಲಾಗ ಇಟಗೊಂಡು ಮಲಗಿ, ತೊಡಿಗೆ ಚುಚಗೊಂಡು ಚೀರಿ ಹಂದರ ಎಬಸಿದ್ರು. ಗಾಯದ ಕಲಿ ಇನ್ನೂ ಐತಿ. ಬೇಕಾದ್ರ ಅಳದ ನೋಡ್ರಿ."

ಕಲ್ಮೇಶರ ಕೈ ತಾನಾಗಿಯೇ ಅಳೆಯುವ ಇಕ್ಕಳದ ಕಡೆ ಹೋಯಿತು, ಅಭ್ಯಾಸಬಲ. ಚನಮಲ್ಲಪ್ಪ ಧೋತರವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ. ಮೀಸೆ ಮುಟ್ಟಿಕೊಳ್ಳಲು ಕೈ ಉಳಿದಿರಲಿಲ್ಲ. ಆಗ ಜನ ನಕ್ಕರು, ಧರೆಪ್ಪನಿಗೂ ತಡೆಯಲಾಗಲಿಲ್ಲ, ಕೊನೆಗೆ ಚನಮಲ್ಲಪ್ಪನೂ ತೊಡೆ ಸವರಿಕೊಳ್ಳುತ್ತ ನಕ್ಕ.

ಕಲ್ಮೇಶರು ಹೋಗುವ ಮುಂಚೆ ಎರಡು ಚೀಟಿ ಬರೆದುಕೊಟ್ಟರು. ಒಂದರಲ್ಲಿ: ಬುಖಾರಾ, ಸುಮಾರು ಇನ್ನೂರು ವರ್ಷ, ನಿಂಬೆಹಣ್ಣು ತಾಗಿಸಬಾರದು. ಇನ್ನೊಂದರಲ್ಲಿ: ರಬಕವಿ, ಮೋಟಾರು ಪಟ್ಟಿ, ಐವತ್ತು ವರ್ಷ, ಮದುವೆ ಐನೂರು. ಮರೆವ್ವಜ್ಜಿಗೂ ಒಂದು ಬರೆಯಬೇಕೆಂದು ಅಮಸಿದ್ದಪ್ಪ ಬಸ್ ಸ್ಟಾಪಿನ ತನಕ ಬೆನ್ನು ಹತ್ತಿದ.

ಚನಮಲ್ಲಪ್ಪನ ಕಠಾರಿ ಮರಳಿ ಟ್ರಂಕು ಸೇರಿತು, ಊರಲ್ಲೇ ಹಳೆಯದು ಎಂಬ ಚೀಟಿಯ ಸಮೇತ. ಮರುದಿನ ಬೆಳಿಗ್ಗೆ ಅವನು ನೂರಾ ಹದಿನಾಲ್ಕನೇ ಪ್ಲಾಟಿನ ಬಾಗಿಲಿಗೆ ಬಂದ. ಕೈಯಲ್ಲಿ ಐದು ಎಲೆ, ಐದು ಅಡಿಕೆ, ಎರಡು ನಿಂಬೆಹಣ್ಣು. ಎಲೆಅಡಿಕೆ ಕೊಟ್ಟು ಕಠಾರಿಯನ್ನು ಮದುವೆಗೆ ಕರೆಯುವುದು ಕಂಬಳಿಹಾಳದ ಪದ್ಧತಿ, ಹೆಂಡತಿ ಹೇಳಿಕೊಟ್ಟಿರಬೇಕು. ಒಂದು ಹಣ್ಣು ಒಣಗಿದರೆ ಇರಲಿ ಎಂದು ಎರಡು ತಂದಿದ್ದೇನೆ ಎಂದಷ್ಟೇ ಹೇಳಿದ. ಧರೆಪ್ಪನಿಗೆ ಕಣ್ಣು ತುಂಬಿ ಬಂತು, ಚಹಾ ಮಾಡೇ ಎಂದು ಒಳಗೆ ಕೂಗಿದ.

ವೈಶಾಲಿಯ ಮದುಮಗ ತೇರದಾಳದ ಹುಡುಗ, ಬಾಯಿ ಸುಮ್ಮನಿರದವನು. ಅರಿಷಿಣದ ದಿನ ಧರೆಪ್ಪ ಕಠಾರಿಯನ್ನು ಕಂಬಳಿಯಿಂದ ಬಿಚ್ಚಿದಾಗ, ತುದಿ ತಿಂದುಹೋದ ಆ ಅಲಗನ್ನು ನೋಡಿ, ಇದು ಬಹಳ ಹಳೆಯದು ಕಾಣುತ್ತದೆ, ಎಲ್ಲಿಯದು ಅಜ್ಜಾ ಎಂದು ಕೇಳಿದ. ಹಂದರದಲ್ಲಿದ್ದವರೆಲ್ಲ ಧರೆಪ್ಪನ ಕಡೆ ತಿರುಗಿದರು. ಧರೆಪ್ಪನ ತುಟಿಯ ತನಕ ಏಳು ಬಿಳಿ ಕುದುರೆಗಳು ಓಡಿ ಬಂದು ನಿಂತವು. ಅವನು ಸೋಮವ್ವನ ಕಡೆ ನೋಡಿದ, ಮಾದೇವಿಯ ಕಡೆ ನೋಡಿದ. ಆಮೇಲೆ ನಿಂಬೆಹಣ್ಣನ್ನು ಎತ್ತಿ ತುದಿಗೆ ಗಟ್ಟಿಯಾಗಿ ಚುಚ್ಚಿದ.

"ಕಂಬಳಿಹಾಳದ್ದು," ಅಂದ. "ಗಟ್ಟಿ ಹಿಡಿ, ಮಲಗೂ ಮುಂದ ತೊಡಿ ಜ್ವಾಕಿ."